ಬಾಲ್ಟಿಕ್ ಅಜ್ಜಿಯ ಮೇಜುಹಾಸು

ಕಳೆದ ಚಳಿಗಾಲದ ಒಂದು ಗುರುವಾರ. ಬೆಳಿಗ್ಗೆ ಎದ್ದು ಅಕ್ಕಿ ನೆನೆಹಾಕಿದೆ, ಮಗಳ ಡಬ್ಬಿ ಕಟ್ಟಿದೆ, ಬಾಲ್ಕನಿಯ ಧೂಳು ಒರೆಸಿದೆ, ಬಟ್ಟೆ ಒಣಹಾಕಿದೆ, ಕೆಳಗಿನ ಅಂಗಡಿಯಿಂದ ಕೊತ್ತಂಬರಿ ಸೊಪ್ಪು ತಂದೆ, ಕೋಳಿ ತೊಳೆದು ಮಸಾಲೆ ಹುರಿದಿಟ್ಟೆ. ಮಧ್ಯಾಹ್ನ ಅಕ್ಕಿ ರುಬ್ಬಿ ಫ್ರಿಜ್ಜಿನಲ್ಲಿಟ್ಟು, ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬೀಗ ಹಾಕಿ ಅಜ್ಜಿಯ ಮನೆಗೆ ಹೊರಟೆ.

ಅಜ್ಜಿ ಎಂದರೆ ನನ್ನ ಅಜ್ಜಿಯಲ್ಲ. ನನ್ನ ಗಂಡನ ಆಫೀಸಿನ ಮ್ಯಾನೇಜರ್ ಗ್ರೇಟಾ ಜರ್ಮನಿಯವರು. ಅವರ ತಾಯಿ ಚಳಿಗಾಲ ಕಳೆಯಲು ದೋಹಾದ ಮಗಳ ಮನೆಗೆ ಬಂದಿದ್ದರು. ಗ್ರೇಟಾ ಆಫೀಸಿನಿಂದ ಬರುವ ತನಕ ಅವರ ಜೊತೆಗಿರಲು ನನ್ನನ್ನು ಕೇಳಿಕೊಂಡಿದ್ದರು. ಅಜ್ಜಿಯದ್ದೂ ನನ್ನದೂ ಮುರುಕು ಇಂಗ್ಲಿಷ್, ಹಾಗಾಗಿ ಚೆನ್ನಾಗಿ ಹೊಂದುತ್ತಿತ್ತು.

ಅಜ್ಜಿಯ ಹೆಸರಿನ ನಡುವೆ ‘ಫಾನ್’ ಎಂದಿತ್ತು. ಅದು ದೊಡ್ಡ ಮನೆತನದವರ ಗುರುತಂತೆ. ಬಾಲ್ಟಿಕ್ ಸಮುದ್ರದ ದಂಡೆಯಲ್ಲಿ ಅವರದ್ದು ಕೆಂಪು ಇಟ್ಟಿಗೆಯ ಬಂಗಲೆ, ಸಮುದ್ರದವರೆಗೂ ಸಾಲುಮರ. ಎರಡನೇ ಮಹಾಯುದ್ಧದ ಕೊನೆಯ ಚಳಿಗಾಲದಲ್ಲಿ ಎಲ್ಲ ಬಿಟ್ಟು ಓಡಿಬಂದಾಗ ಅಜ್ಜಿ ಕೈಕೂಸು. ಆ ಊರು ಈಗ ಬೇರೆ ದೇಶಕ್ಕೆ ಸೇರಿದೆ. ಒಮ್ಮೆ ಇಲ್ಲಿನ ಹಳೇ ಪೇಟೆ ಸೂಕ್ ವಾಕಿಫ್‌ನ ಜಪಮಣಿ ಅಂಗಡಿಯಲ್ಲಿ, ಬಾಲ್ಟಿಕ್ ದಂಡೆಯಲ್ಲಿ ಸಿಗುವ ಜೇನು ಬಣ್ಣದ ಅಂಬರ್ ಮಣಿಗಳನ್ನು ಮುಟ್ಟಿ, “ಇದು ನಮ್ಮ ಸಮುದ್ರದ್ದು” ಎಂದು ಅಂಗಡಿಯವನ ಮುಂದೆ ತಲೆಯೆತ್ತಿ ಹೇಳಿದ್ದರು.

ಆ ಬಂಗಲೆಯಿಂದ ಉಳಿದುಬಂದದ್ದು ಒಂದೇ ವಸ್ತು, ಲಿನನ್ ನಾರುಬಟ್ಟೆಯ ಉದ್ದನೆಯ ಮೇಜುಹಾಸು. ಅಂಚಿನಲ್ಲಿ ಬಿಳಿ ದಾರದಲ್ಲೇ ಕಸೂತಿ ಹಾಕಿದ ಬಕಪಕ್ಷಿ, ಅದು ಮನೆತನದ ಲಾಂಛನ. ಹಿರಿಮಗನ ಮದುವೆಯ ಊಟಕ್ಕೆ ಅದನ್ನು ಹಾಸುವುದು ಪದ್ಧತಿ. ಹೆಣ್ಣುಮಕ್ಕಳಿಗೆ ಸಿಗುವುದಿಲ್ಲ. ಅಜ್ಜಿಯ ಅಣ್ಣನ ಒಬ್ಬನೇ ಮಗ ಮಕ್ಕಳಿಲ್ಲದೆ ತೀರಿಕೊಂಡಿದ್ದ. ಆದ್ದರಿಂದ ತಮ್ಮ ಕೈಗೆ ಬಂದಿದ್ದ ಹಾಸನ್ನು ಜರ್ಮನಿಯ ಮ್ಯೂಸಿಯಮ್ಮಿಗೆ ಕಳಿಸುವುದೆಂದು ಅಜ್ಜಿ ನಿರ್ಧರಿಸಿದ್ದರು. ಕೊರಿಯರ್‌ನವನು ಅಂದು ಸಂಜೆ ಬರುವವನಿದ್ದ. ಇಸ್ತ್ರಿ ಮಾಡಿ ಮಡಿಸುವ ಕೆಲಸ ನನ್ನದು.

ಗ್ರೇಟಾರ ಮಗಳು ಲೇನಾ ಬಾಗಿಲಿಗೆ ಒರಗಿ ನೋಡುತ್ತಿದ್ದಳು. ಕಾಲೇಜು ಓದುವ ಹುಡುಗಿ. “ನನಗೆ ಕೊಡಿ ಅಂತ ನಿನ್ನೆ ಕೇಳಿದೆ, ಆಂಟಿ. ಆಗಲ್ಲ ಅಂದರು” ಎಂದು ನನಗಷ್ಟೇ ಕೇಳುವಂತೆ ಹೇಳಿದಳು. ಕಣ್ಣು ಕೆಂಪಾಗಿತ್ತು.

“ಅಣ್ಣನ ಮಗನೊಂದಿಗೆ ನಮ್ಮ ಮನೆತನ ಮುಗಿಯಿತು” ಎಂದರು ಅಜ್ಜಿ, ಕುರ್ಚಿಯಲ್ಲಿ ಕೂತು.

ನನ್ನ ಬಾಯಿಂದ ಮಾತು ತಾನಾಗಿ ಜಾರಿತು. “ಅದು ಹೇಗೆ ಮುಗಿಯುತ್ತದೆ? ಅಣ್ಣನ ಮಗ ಅವನ ಅಮ್ಮನ ಮನೆಯವನಲ್ಲವಾ? ನಿಮ್ಮ ಮನೆಯವರು ನೀವು, ಗ್ರೇಟಾ, ಲೇನಾ. ಮೂವರೂ ಇದ್ದೀರಲ್ಲ!”

ಅಜ್ಜಿಯ ಮುಖ ಬಿಗಿಯಿತು. “ನನ್ನ ಅಣ್ಣನ ಮಗ ನಮ್ಮವನಲ್ಲ ಅಂತೀಯಾ?”

ಗಂಡನ ಮ್ಯಾನೇಜರಿನ ತಾಯಿ! ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟು ವಿವರಿಸಿದೆ. ನಾವು ತುಳುನಾಡಿನವರು, ನಮ್ಮದು ಅಳಿಯಕಟ್ಟು. ಕುಟುಂಬ ತಾಯಿಯಿಂದ ಮಗಳಿಗೆ ಬರುತ್ತದೆ. ನನ್ನ ಮಗಳು ನನ್ನ ಕುಟುಂಬದವಳು, ನನ್ನ ಅಣ್ಣನ ಮಕ್ಕಳು ಅತ್ತಿಗೆಯ ಕುಟುಂಬದವರು.

“ಹಾಗಾದರೆ ನಿನ್ನ ಗಂಡ?”

“ಅವರು ಅವರ ಅಮ್ಮನ ಮನೆಯವರು. ನಮ್ಮಲ್ಲಿ ಊಟ ಮಾಡಿಕೊಂಡು ಇದ್ದಾರೆ.”

ಲೇನಾ ಕಿಸಕ್ಕನೆ ನಕ್ಕಳು. ಅಜ್ಜಿ ನಗಲಿಲ್ಲ. “ನಿನ್ನ ವಂಶ ಹೇಳು ನೋಡೋಣ” ಎಂದರು.

ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತೆ. “ನಾನು ಸುಗಂಧಿ. ನನ್ನಮ್ಮ ಲೀಲಾ. ಅವರಮ್ಮ ಕಲ್ಯಾಣಿ. ಅವರಮ್ಮ ಅಕ್ಕಮ್ಮ. ಅವರಮ್ಮ ಉಮ್ಮಕ್ಕೆ. ಅವರಮ್ಮ ಸಂಕಮ್ಮ.” ಸಣ್ಣವಳಿದ್ದಾಗ ಅಮ್ಮ ಬಾಯಿಪಾಠ ಮಾಡಿಸಿದ್ದು. ಪರದೇಶದಲ್ಲಿ ನನ್ನ ಸ್ವರ ಅಷ್ಟು ಗಟ್ಟಿಯಾಗಿ ಬಂದದ್ದು ಅದೇ ಮೊದಲು.

ಅಜ್ಜಿಯೂ ಬೆನ್ನು ನೇರ ಮಾಡಿದರು. ಅಪ್ಪ, ಅಜ್ಜ, ಮುತ್ತಜ್ಜ, ಹಡಗು ಕಟ್ಟಿಸಿದವರು, ಕುದುರೆ ಏರಿ ಯುದ್ಧಕ್ಕೆ ಹೋದವರು, ಹೆಸರುಗಳು ಒಂದೇ ಉಸಿರಿಗೆ ಬಂದವು. ಅವರ ಕಣ್ಣಿನ ಹೊಳಪು ನೋಡಬೇಕಿತ್ತು!

“ಅಮ್ಮಂದಿರು?” ಎಂದಳು ಲೇನಾ.

“ನನ್ನಮ್ಮ ಶಾರ್ಲೊಟ್. ಅವಳಮ್ಮ...” ಅಜ್ಜಿ ತಡವರಿಸಿದರು. ಎದ್ದು ಬಂದು ಹಾಸಿನ ಮೇಲೆ ಕೈಯಿಟ್ಟರು. ನಿಧಾನ ಹೇಳಿದರು: “ಓಡಿಬಂದಾಗ ಮನೆಯಲ್ಲಿ ಗಂಡಸರೇ ಇರಲಿಲ್ಲ. ಹೆಪ್ಪುಗಟ್ಟಿದ ನೀರಿನ ಮೇಲೆ ಗಾಡಿ ಹೊಡೆದವಳು ಅಮ್ಮ. ಬೆಳ್ಳಿ ಬಿಟ್ಟಳು, ಚಿತ್ರಪಟ ಬಿಟ್ಟಳು. ಇದರಲ್ಲಿ ನನ್ನನ್ನು ಸುತ್ತಿಕೊಂಡಳು. ಮೇಜುಹಾಸು ಉಳಿದದ್ದು ಅದಕ್ಕೇ.”

ಕರೆಗಂಟೆ ಸದ್ದಾಯಿತು. ಕೊರಿಯರ್‌ನವನು. ನಾನು ಹಾಸನ್ನು ಮಡಿಸಲು ಹೋದರೆ ಅಜ್ಜಿ ನನ್ನ ಕೈ ತಡೆದರು. ಗೋಡೆ ಹಿಡಿದುಕೊಂಡು ತಾವೇ ಬಾಗಿಲಿಗೆ ಹೋಗಿ, ದೋಹಾದಲ್ಲಿ ಕಲಿತ ಎರಡೇ ಅರಬ್ಬಿ ಶಬ್ದ ಬಳಸಿದರು: “ಮಾಫಿ ಪಾರ್ಸೆಲ್! ಖಲಾಸ್!” ಪಾರ್ಸೆಲ್ ಇಲ್ಲ, ಮುಗಿಯಿತು ಅಂತ.

ಹಿಂತಿರುಗಿ ಬಂದು ಹಾಸಿನ ಒಂದು ತುದಿಯನ್ನು ಲೇನಾಳ ಕೈಗಿತ್ತರು. ಮೂವರೂ ಸೇರಿ ಅದನ್ನು ಊಟದ ಮೇಜಿಗೆ ಹಾಸಿದೆವು.

ಸಂಜೆ ಗ್ರೇಟಾ ಬಂದರು. ನನ್ನನ್ನು ಕರೆದೊಯ್ಯಲು ನನ್ನ ಗಂಡನೂ ಬಂದರು. ಗ್ರೇಟಾ ಮೇಜನ್ನು ನೋಡಿ, ಕೈಚೀಲವನ್ನೂ ಕೆಳಗಿಡದೆ ನಿಂತುಬಿಟ್ಟರು. ಚಿಕ್ಕಂದಿನಲ್ಲಿ ಅವರೂ ಅದನ್ನು ಕೇಳಿ ಇಲ್ಲವೆನಿಸಿಕೊಂಡವರೇ. ಲೇನಾ ನಡೆದದ್ದನ್ನು ಹೇಳಿದಳು. ಅಜ್ಜಿ ಮಗಳನ್ನು ಬಳಿಗೆ ಕರೆದು, “ಮೊದಲು ನಿನ್ನದು, ಆಮೇಲೆ ಇವಳದು” ಎಂದರು.

ಕಾರಿನಲ್ಲಿ ನನ್ನ ಗಂಡ, “ಎಂತ ಮಾರಾಯ್ತಿ, ಮೇಡಂ ಅತ್ತರಲ್ಲ! ನೀನು ಎಂತ ಹೇಳಿದ್ದು?” ಎಂದರು.

“ನೀವು ಊಟ ಮಾಡಿಕೊಂಡು ಇದ್ದೀರಿ ಅಂದೆ.”

“ಅದು ಹೌದು. ಇವತ್ತು ಎಂತ ಉಂಟು?”

ನೀರುದೋಸೆ, ಕೋಳಿ ಸುಕ್ಕ. ಮಗಳು ದೀಕ್ಷಾಳಿಗೆ ಉಣ್ಣುವಾಗ ಎಲ್ಲ ಹೇಳಿದೆ. “ಅಮ್ಮಾ, ನಂಗ್ಯಾಕೆ ಆ ನೇಮ್ಸ್ ಕಲಿಸಿಲ್ಲ? ಟೀಚ್ ಮಾಡು, ಈಗಲೇ” ಎಂದು ರಾತ್ರಿ ನನ್ನ ಪಕ್ಕದಲ್ಲೇ ಮಲಗಿದಳು. ದೀಕ್ಷಾ, ಸುಗಂಧಿ, ಲೀಲಾ, ಕಲ್ಯಾಣಿ... ಅಕ್ಕಮ್ಮನಲ್ಲಿ ತಪ್ಪಿದಳು, ಮತ್ತೆ ಮೊದಲಿನಿಂದ ಹಿಡಿದಳು. ಸಂಕಮ್ಮನನ್ನು ಮುಟ್ಟಿದಳೋ ಇಲ್ಲವೋ ನನಗೆ ಗೊತ್ತಿಲ್ಲ. ಅವಳ ಸ್ವರ ಕಿವಿಯಲ್ಲಿರುವಾಗಲೇ ಮೊದಲು ನಿದ್ದೆ ಹೋದವಳು ನಾನು.