ಅಪ್ಪನ ಹಾಡಿನ ವಿರುದ್ಧ

ಗಲ್ಫಿನ ಮಂಗಫ್ ಎಂಬ ಊರಿನಲ್ಲಿ ನಾವಿದ್ದ ಆ ವರ್ಷಗಳಲ್ಲಿ ಚಳಿಗಾಲದ ಶುಕ್ರವಾರ ಬೆಳಿಗ್ಗೆಗಳಿಗೆ ಅವುಗಳದೇ ವಾಸನೆಯಿತ್ತು. ಅಪ್ಪ ಬೇಕರಿಯಿಂದ ಪೇಪರಿನಲ್ಲಿ ಸುತ್ತಿ ತರುತ್ತಿದ್ದ ಬಿಸಿ ಖುಬ್ಬೂಸ್ ರೊಟ್ಟಿ, ಅದರ ಮೇಲೆ ಅಮ್ಮ ಸವರುತ್ತಿದ್ದ ತುಪ್ಪ ಮತ್ತು ಮೈಸೂರಿನ ಚಟ್ನಿಪುಡಿ, ಬಾಲ್ಕನಿಯಲ್ಲಿ ಒಣಗುವ, ಅಪ್ಪ ಕೆಲಸಕ್ಕೆ ತೊಡುವ ಕವರಾಲಿನಿಂದ ಎಷ್ಟು ಒಗೆದರೂ ಹೋಗದ ಎಣ್ಣೆಯ ಘಾಟು. ಗಲ್ಫಿನಲ್ಲಿ ಬೆಳೆದವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ. ಕಾರಿಡಾರಿನಲ್ಲಿ ಕ್ರಿಕೆಟ್, ಚೆಂಡು ಲಿಫ್ಟಿನ ಬಾಗಿಲಿಗೆ ತಗುಲಿದರೆ ಔಟ್, ಕಟ್ಟಡದ ಕಾವಲುಗಾರ ಬಂದರೆ ಎಲ್ಲರೂ ಪರಾರಿ.

ಹಾಗೆಂದು ಇದನ್ನು ಸಿಹಿ ನೆನಪು ಎಂದುಕೊಳ್ಳಬೇಡಿ. ಸಿಹಿ ನೆನಪುಗಳ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಇದು ನನ್ನ ಹದಿಮೂರನೆಯ ವಯಸ್ಸಿನ ಒಂದು ನಾಚಿಕೆಯ ಸಂಗತಿ.

ಅಪ್ಪ ಉಡುಪಿ ಕಡೆಯವರು. ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನೀಷಿಯನ್. ವಾರದ ರಜೆಯ ದಿನ ಶುಕ್ರವಾರ ಕಾರು ತೊಳೆಯುತ್ತ ಅವರು ಒಂದೇ ಹಾಡು ಕೇಳುತ್ತಿದ್ದರು, ಅದೂ ಕ್ಯಾಸೆಟ್ಟಿನಲ್ಲಿ. ಅದೊಂದು ಹಳೆಯ ಅಮೆರಿಕನ್ ಸೋಲ್ ಹಾಡು, ನಿಧಾನ ನಡೆಯ ಪ್ರೇಮಗೀತೆ. ಹೆಸರು ಹೇಳುವುದಿಲ್ಲ, ಹೇಳಿದರೆ ನಿಮ್ಮ ಕಿವಿಯಲ್ಲಿ ಅದು ಯಾವುದೋ ಜಾಹೀರಾತಿನ ದನಿಯಲ್ಲಿ ಶುರುವಾಗಿಬಿಡುತ್ತದೆ. ಕೆಳಗೆ ಆರ್ಗನ್ನಿನ ಗುಂಯ್‌ಗುಟ್ಟುವಿಕೆ, ಮೇಲೆ ಚರ್ಚಿನಲ್ಲಿ ದೇವರನ್ನು ಕರೆಯುವ ಹಾಗೆ ಪ್ರಿಯತಮೆಯನ್ನು ಕರೆಯುವ ಒಬ್ಬ ಕರಿಯ ಗಾಯಕ. ಅಪ್ಪ ಬಕೆಟ್ ಕೆಳಗಿಟ್ಟು ಅವನ ಜೊತೆಗೆ ಹಾಡುತ್ತಿದ್ದರು.

ಆಗ ನಾನು ಶಾಲೆಯ ಚರ್ಚಾ ತಂಡದಲ್ಲಿದ್ದೆ. ಯಾರೇ ಏನೇ ಹೇಳಲಿ, "ಆಧಾರ ಏನು?" ಎಂದು ಕೇಳುವ ಚಟ ಹತ್ತಿತ್ತು. ಅಪ್ಪನ ಹಾಡಿನ ಪೂರ್ವಾಪರವನ್ನೂ ಹುಡುಕಿ ತೆಗೆದೆ.

"ಅಪ್ಪಾ, ನಿಮ್ಮ ಸಿಂಗರ್ ಒರಿಜಿನಲ್ ಅಲ್ಲ. ಫಸ್ಟ್ ಹಾಡಿದವನು ಬೇರೆ, ಒಂದು ಸಣ್ಣ ಸ್ಟುಡಿಯೋದಲ್ಲಿ. ಅವನ ಹೆಸರೇ ಯಾರಿಗೂ ಗೊತ್ತಿಲ್ಲ. ದೊಡ್ಡ ಕಂಪನಿ ವಯೊಲಿನ್ ಸೇರಿಸಿ ಇವನ ಕೈಲಿ ಹಾಡಿಸ್ತು. ಆಮೇಲೆ ಸಿನಿಮಾ, ಆಮೇಲೆ ಸೋಪಿನ ಆ್ಯಡ್."

"ಆದ್ರೆ ಎಂತ ಈಗ? ಅಳು ಇವನದ್ದೇ ಅಲ್ವಾ?"

"ದಟ್ಸ್ ನಾಟ್ ಎವಿಡೆನ್ಸ್."

"ಹೋಗು ಮಾರಾಯ್ತಿ, ಆ ಟೈರು ಉಜ್ಜು."

ಟೈರು ಉಜ್ಜುವಾಗಲೇ ಅವರು ಆ ಕಥೆ ಹೇಳಿದ್ದು. ನಾನು ಮೈಸೂರಿನಲ್ಲಿ ಹುಟ್ಟಿದಾಗ ಅವರಿಗೆ ರಜೆ ಸಿಗಲಿಲ್ಲ. ರಿಫೈನರಿಯಲ್ಲಿ ಯಂತ್ರ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸ, ಪಾಸ್‌ಪೋರ್ಟು ವೀಸಾ ಕೊಟ್ಟ ಧಣಿ ಕಫೀಲನ ಕಪಾಟಿನಲ್ಲಿ. ಮಗಳು ಹುಟ್ಟಿದ ಸುದ್ದಿ ಕೇಳಿ ಬೆಳಗಿನ ಕಂಪನಿ ಬಸ್ಸು ಹತ್ತಿದರಂತೆ. ಸುಡಾನಿನ ಡ್ರೈವರು ಈ ಹಾಡು ಹಾಕಿದ್ದನಂತೆ. ನಲವತ್ತು ಜನರ ನಡುವೆ ಅಪ್ಪ ಹೆಲ್ಮೆಟ್ಟಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟರಂತೆ. ಇಳಿಯುವಾಗ ಡ್ರೈವರು "ಖಲಾಸ್ ಭಾಯಿ, ಖಲಾಸ್", ಸಾಕು ಅಳಬೇಡ, ಎನ್ನುತ್ತ ಕ್ಯಾಸೆಟ್ಟು ತೆಗೆದು ಅವರ ಜೇಬಿಗೆ ಹಾಕಿದನಂತೆ.

"ನಿನ್ನ ಮುಖ ನೋಡುವಾಗ ನಿಂಗೆ ಹದಿನಾಲ್ಕು ತಿಂಗಳು. ನನ್ನನ್ನು ನೋಡಿ ಕಿರುಚಿದ್ದಿ. ಅಮ್ಮನಿಗೆ ಹೇಳ್ಬೇಡ ಆಯ್ತಾ, ಬಸ್ಸಿನದ್ದು. ಆಗ ಫೋನಿನಲ್ಲಿ ನಾನು ಭಾರೀ ಖುಷಿಯಲ್ಲಿದ್ದೇನೆ ಅಂತ ಹೇಳಿದ್ದೆ."

ಆ ವರ್ಷ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವದಲ್ಲಿ ಆ ಹಾಡು ಹಾಡಬೇಕೆಂದು ಅಪ್ಪನಿಗೆ ಆಸೆಯಾಯಿತು. ವೇದಿಕೆ ಹತ್ತಿದವರೇ ಅಲ್ಲ. ಹೆಸರು ಕೊಡಲು ಎಷ್ಟು ದಿನ ಹಿಂದೆಮುಂದೆ ನೋಡಿದರೋ. ಆದರೆ ಸಂಘದ ನಿಯಮ: ಕನ್ನಡ ಹಾಡು ಮಾತ್ರ. ಕಾರ್ಯದರ್ಶಿ ಶೆಟ್ಟರು ನಮ್ಮ ಮನೆಗೇ ಬಂದು ಕೈ ಚೆಲ್ಲಿದರು. ನಾನು ನಡುವೆ ಬಾಯಿ ಹಾಕಿದೆ.

"ಅಂಕಲ್, ಲಾಸ್ಟ್ ಇಯರ್ ಹಿಂದಿ ಹಾಡಿಗೆ ಡ್ಯಾನ್ಸ್ ಇತ್ತಲ್ಲ? ನೀವೇ ವಿಸಿಲ್ ಹೊಡೆದ್ರಿ."

"ಅದು ಡ್ಯಾನ್ಸ್ ಅಲ್ವಾ ಮಗಾ…"

"ಹಾಗಾದ್ರೆ ರೂಲ್ ಭಾಷೆಗಾ, ಹಾಡೋ ಬಾಯಿಗಾ?"

ಆಮೇಲೆ ಶುರುಮಾಡಿದೆ: ಈ ಬಗೆಯ ಹಾಡು ಚರ್ಚಿನ ಭಜನೆಯಿಂದ ಬಂದದ್ದು, ಮನೆ ಬಿಟ್ಟು ದೂರದ ಕಾರ್ಖಾನೆಗಳಿಗೆ ಹೋದ ಜನ ಅದನ್ನು ಕಟ್ಟಿಕೊಂಡು ಹೋದರು, ಇಂದಿನ ಪಾಪ್ ಗಾಯಕರೆಲ್ಲ ದನಿ ಒಡೆಯುವುದನ್ನು ಕಲಿತದ್ದೇ ಇವರಿಂದ, ನಮ್ಮ ಸಂಘಕ್ಕೆ ಇದಕ್ಕಿಂತ ಹತ್ತಿರದ ಹಾಡು ಯಾವುದು? ಶೆಟ್ಟರು ಚಹಾ ಲೋಟ ಕೆಳಗಿಟ್ಟರು. "ಬರ್ಕೊಳ್ತೇನೆ ಮಾರಾಯ್ರೆ, ಇವಳ ಹತ್ರ ಆಗುದಿಲ್ಲ ನನಗೆ." ಅಪ್ಪ ನನ್ನ ತಲೆ ಸವರಿದ್ದು ಇನ್ನೂ ನೆತ್ತಿಯ ಮೇಲೆ ಇದೆ.

ವಾರ್ಷಿಕೋತ್ಸವದ ಮಧ್ಯಾಹ್ನ ಮೊದಲು ಮಕ್ಕಳ ಚರ್ಚಾ ಸ್ಪರ್ಧೆ, ನಂತರ ಹಿರಿಯರ ಹಾಡು. ಚರ್ಚೆಯ ವಿಷಯ: ಹಳೆಯ ಹಾಡಿಗೆ ಹೊಸದು ಸಮನಲ್ಲ. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು ಪದ್ಧತಿ. ನನಗೆ ವಿರೋಧ ಬಂತು. ಬೇಜಾರೇನೂ ಆಗಲಿಲ್ಲ. ಯಾವ ಪಕ್ಷ ಕೊಟ್ಟರೂ ವಾದಿಸಬಲ್ಲೆ ಎಂಬುದೇ ಆಗ ನನ್ನ ದೊಡ್ಡ ಹೆಮ್ಮೆ.

ನನ್ನ ಎದುರಾಳಿ ಮೈದಾನ್ ಹವಲ್ಲಿ ಎಂಬ ಬಡಾವಣೆಯ ಹುಡುಗ. "ಹಳೆಯ ಹಾಡು ಕೇಳಿದರೆ ನಮ್ಮ ತಂದೆತಾಯಿಯರ ಕಣ್ಣು ಒದ್ದೆಯಾಗುತ್ತದೆ, ಅದಕ್ಕಿಂತ ಸಾಕ್ಷಿ ಬೇಕೆ?" ಎಂದ. ಭಾರೀ ಚಪ್ಪಾಳೆ. ನಾನು ಸಣ್ಣ ಸ್ಟುಡಿಯೋ, ದೊಡ್ಡ ಕಂಪನಿ, ಸೋಪಿನ ಜಾಹೀರಾತು ಎಲ್ಲ ಹೇಳಿದೆ. ಜನ ಆಕಳಿಸಿದರು. ಒಂದು ನಿಮಿಷ ಉಳಿದಿತ್ತು. ಸೋಲುತ್ತಿದ್ದೇನೆ ಎಂದು ಗೊತ್ತಾಯಿತು.

"ಕಣ್ಣೀರು ಸಾಕ್ಷಿಯಾ?" ಎಂದೆ. "ನನಗೆ ಗೊತ್ತಿರುವ ಒಬ್ಬರು ಕಂಪನಿ ಬಸ್ಸಿನಲ್ಲಿ ಒಂದು ಹಾಡು ಕೇಳಿ ಹೆಲ್ಮೆಟ್ಟಿನೊಳಗೆ ಮುಖ ಇಟ್ಟು ಅತ್ತರು. ಊರಿನಲ್ಲಿ ಮಗು ಹುಟ್ಟಿತ್ತು, ರಜೆ ಇರಲಿಲ್ಲ. ಅವತ್ತು ಡ್ರೈವರ್ ಟ್ರಾಫಿಕ್ ನ್ಯೂಸ್ ಹಾಕಿದ್ದರೂ ಅವರು ಅಳುತ್ತಿದ್ದರು! ಈಗಲೂ ಪ್ರತಿ ಶುಕ್ರವಾರ ಕಾರು ತೊಳೆಯುತ್ತ ಅದನ್ನೇ ಕೇಳುತ್ತಾರೆ. ಹಾಡು ದೊಡ್ಡದಲ್ಲ, ಅವರ ರಜೆ ಸಣ್ಣದು. ಅಷ್ಟೇ."

ಸಭಾಂಗಣ ನಕ್ಕಿತು. ಟ್ರಾಫಿಕ್ ನ್ಯೂಸಿಗೆ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಅಪ್ಪ ಕುಳಿತಿದ್ದ ಮೂರನೆಯ ಸಾಲಿನತ್ತ ತಿರುಗಿ ನಕ್ಕರು. ನಮ್ಮ ಕಟ್ಟಡದವರಿಗೆಲ್ಲ ಶುಕ್ರವಾರದ ಆ ಕಾರು ಗೊತ್ತಿತ್ತು. ಯಾರೋ "ಎಂತ ಮಾರಾಯ್ರೆ, ಹೆಲ್ಮೆಟ್ ತುಂಬಿತ್ತಾ?" ಎಂದರು. ಅಪ್ಪನೂ ನಕ್ಕರು. ಅಮ್ಮ ಮಾತ್ರ ನಗದೆ ಅಪ್ಪನನ್ನೇ ನೋಡುತ್ತಿದ್ದರು. ಬಹುಮಾನದ ಕಪ್ ನನಗೇ ಬಂತು.

ಸ್ವಲ್ಪ ಹೊತ್ತಿನಲ್ಲಿ ಶೆಟ್ಟರು ಮೈಕಿನಲ್ಲಿ ಅಪ್ಪನ ಹೆಸರು ಕರೆದರು. ಅಪ್ಪ ಕುಳಿತಲ್ಲಿಂದಲೇ ಗಂಟಲು ತೋರಿಸಿ ಕೈ ಆಡಿಸಿದರು, ಆಗುವುದಿಲ್ಲ ಎಂಬಂತೆ. ಮುಂದಿನ ಹೆಸರು ಕರೆದರು.

ಮನೆಗೆ ಮರಳುವಾಗ ಅಮ್ಮ ಕೇಳಿದರು: "ಬಸ್ಸಲ್ಲಿ ಅತ್ತಿದ್ರೇನ್ರೀ? ನಂಗ್ಯಾಕೆ ಹೇಳ್ಲಿಲ್ಲ ಇಷ್ಟು ವರ್ಷ?"

ಅಪ್ಪ ಕಾರಿನ ಗೇರು ಬದಲಿಸಿದರು. ಕನ್ನಡಿಯಲ್ಲಿ ನನ್ನನ್ನು ನೋಡಿ, "ಪಾಯಿಂಟ್ ಒಳ್ಳೆಯದಿತ್ತು ಮಗಾ" ಎಂದರು. ಬೈದಿದ್ದರೆ ವಾದಿಸುತ್ತಿದ್ದೆ. ಬೈಯಲಿಲ್ಲ. ಮುಂದಿನ ಶುಕ್ರವಾರ ಕಾರನ್ನು ಕಟ್ಟಡದ ಕೆಳಗೆ ಕೂಲಿಗೆ ಕಾರು ತೊಳೆಯುವ ಬಾಂಗ್ಲಾದವನ ಕೈಲಿ ತೊಳೆಸಿದರು.

ನಾನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ ಎಂದು ಬಹಳ ಕಾಲ ನನ್ನನ್ನೇ ಸಮಾಧಾನ ಮಾಡಿಕೊಂಡೆ. ನಾಚಿಕೆ ಇರುವುದೇ ಅಲ್ಲಿ. ಸುಳ್ಳಾಗಿದ್ದರೆ ಹಿಂದೆ ತೆಗೆದುಕೊಳ್ಳಬಹುದಿತ್ತು. ಹಾಡು ಶ್ರೇಷ್ಠವೋ ಅಲ್ಲವೋ, ಚರಿತ್ರೆ ನೋಡಿಕೊಳ್ಳುತ್ತದೆ. ಆ ಬಸ್ಸಿನ ಅಳು ಯಾತಕ್ಕೆಂಬುದಕ್ಕೆ ಸಾಕ್ಷಿ ಅಪ್ಪ ಒಬ್ಬರೇ, ಅವರು ನಂಬಿ ಹೇಳಿದ್ದು ನನಗೊಬ್ಬಳಿಗೆ. ಕ್ಷಮೆ ಕೇಳಲು ಎರಡು ಸಲ ಪ್ರಯತ್ನಿಸಿದೆ. ಎರಡು ಸಲವೂ "ಅದೆಲ್ಲ ಹಳೇದು, ಬಿಡು" ಎಂದು ಅಪ್ಪ ಮಾತು ತಿರುಗಿಸಿದರು.

ನಾನು ಈಗ ಬೇರೆ ದೇಶದಲ್ಲಿ ಓದುತ್ತಿದ್ದೇನೆ. ಕಳೆದ ಚಳಿಗಾಲ ಅಪ್ಪ ಎದೆನೋವೆಂದು ಎರಡು ದಿನ ಆಸ್ಪತ್ರೆಯಲ್ಲಿದ್ದರು. ನನಗೆ ತಿಳಿದದ್ದು ವಾರ ಕಳೆದ ಮೇಲೆ, ಅಮ್ಮನಿಂದ. ಫೋನಿನಲ್ಲಿ ಕೂಗಾಡಿದೆ: "ನನಗೆ ಯಾಕೆ ಹೇಳಲಿಲ್ಲ ಅಪ್ಪಾ?"

"ಹೇಳ್ಬಹುದಿತ್ತು," ಎಂದರು, ಎಂದಿನ ಮೆತ್ತನೆಯ ದನಿಯಲ್ಲಿ. "ಡಾಕ್ಟ್ರ ರಿಪೋರ್ಟ್ ಬರ್ಲಿ ಅಂತ ಕಾದೆ. ನಿಂಗೆ ಹೇಳುದಾದ್ರೆ ಕೈಯಲ್ಲಿ ಆಧಾರ ಬೇಕಲ್ಲ."

ಅಪ್ಪ ನಕ್ಕರು. ತಮಾಷೆಗೆ ಅಂದದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.