ಹಿಮನದಿಯ ಅಡಿಯ ಮಣ್ಣು

ತೊಂಬತ್ತರ ದಶಕದ ಕೊನೆಯಲ್ಲಿ ಮೈಸೂರಿನಲ್ಲಿ ಕೂತು ಹಿಮನದಿ ಜಾರುವುದನ್ನು ಅಳೆಯುತ್ತೇವೆ ಎಂದರೆ ಜನ ನಗುತ್ತಿದ್ದರು. ನಗಲಿ ಬಿಡಿ, ಮದುವೆಯಾದ ಹೊಸದರಲ್ಲಿ ನಾನೂ ನಕ್ಕವಳೇ. ನನ್ನ ಗಂಡ ಬೇಸಿಗೆಯಲ್ಲಿ ಗಂಗೆ ಹುಟ್ಟುವ ಕಡೆಗೆ ಹೋಗಿ, ಹಿಮ ಹಿಂದೆ ಸರಿದ ಜಾಗದಿಂದ ಅದರ ಅಡಿಯಲ್ಲಿದ್ದ ಮಣ್ಣನ್ನು ಡಬ್ಬಿಯಲ್ಲಿ ತರುತ್ತಿದ್ದರು. ಕಾಲೇಜಿನ ಲ್ಯಾಬಿನಲ್ಲಿ ನಾವಿಬ್ಬರೂ ಅದನ್ನು ಕಬ್ಬಿಣದ ಪೆಟ್ಟಿಗೆಗೆ ತುಂಬಿ, ಮೇಲೆ ಐಸ್ ಫ್ಯಾಕ್ಟರಿಯ ಮಂಜುಗಡ್ಡೆ ಇಟ್ಟು, ಭಾರ ಹೇರಿ ಪಕ್ಕದಿಂದ ತಳ್ಳುತ್ತಿದ್ದೆವು. ನೀರು ಹೆಚ್ಚಿದಂತೆ ಮಣ್ಣಿನ ಹಿಡಿತ ಸಡಿಲುತ್ತದೆ, ಮಂಜು ಜಾರುತ್ತದೆ. ಎಷ್ಟು ನೀರಿಗೆ ಎಷ್ಟು ಜಾರಿತು ಎಂಬುದೇ ನಮ್ಮ ಲೆಕ್ಕ. ಕರೆಂಟು ಹೋಗಿ ಲ್ಯಾಬಿನ ತಂಪು ಇಳಿದರೆ ಗಡ್ಡೆ ಕರಗಿ ಅಂದಿನ ಕೆಲಸವೆಲ್ಲ ದಂಡ.

ಕೊನೆಯ ಸಲ ಅವರು ತಂದದ್ದು ತುಂಬ ನಯವಾದ ಮಣ್ಣು, ಒಂದೇ ಪ್ರಯೋಗಕ್ಕೆ ಸಾಲುವಷ್ಟು. ಅವರ ಇಷ್ಟು ವರ್ಷದ ಕೆಲಸ ಅದರಿಂದ ಮುಗಿಯಬೇಕಿತ್ತು. ಲ್ಯಾಬಿಗೆ ಸುಣ್ಣಬಣ್ಣ ನಡೆಯುತ್ತಿತ್ತೆಂದು ಡಬ್ಬಿಯನ್ನು ಕೃಷ್ಣಮೂರ್ತಿಪುರಂನ ಮನೆಗೆ ತಂದಿಟ್ಟರು. ಅದೇ ವಾರ ಎದೆನೋವು ಬಂದು ಹೋಗಿಬಿಟ್ಟರು.

ನಮ್ಮಲ್ಲಿ ಸುಡುವುದಿಲ್ಲ. ಗುಣಿಯೊಳಗೆ ಕೂರಿಸಿ, ವಿಭೂತಿ ಇಟ್ಟು, ಮನೆಯವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಯಾರು ಏನು ಹಾಕಿದರೆಂದು ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಕೆಲವು ತಿಂಗಳ ಮೇಲೆ, ಅವರ ಕೆಲಸವನ್ನಾದರೂ ಮುಗಿಸೋಣವೆಂದು ಹುಡುಕಿದರೆ, ಡಬ್ಬಿಯನ್ನು ತೊಳೆದು ಅಡುಗೆಮನೆಯಲ್ಲಿ ಬೋರಲು ಹಾಕಿತ್ತು.

“ಗಂಗೆ ಮಣ್ಣಲ್ವಾ ಕಣಮ್ಮ, ಅವ್ನೇ ತಂದಿದ್ದು. ಅವ್ನ ಮೇಲೇ ಹಾಕ್ಬುಟ್ಟೆ,” ಎಂದರು ಅತ್ತೆ.

ನನಗೆ ಮೈಯೆಲ್ಲ ಉರಿಯಿತು. ಅದು ಪೂಜೆಯ ಮಣ್ಣಲ್ಲ, ಅದರ ಮೇಲೆ ಮಂಜು ಹೇಗೆ ಜಾರುತ್ತದೆಂದು ನೋಡುವುದಕ್ಕೇ ನಿಮ್ಮ ಮಗ ಜೀವ ತೇಯ್ದದ್ದು ಎಂದು ಕೂಗಾಡಿದೆ. ಅವರನ್ನು ಇನ್ನೊಂದು ಸಲ ಕಳೆದುಕೊಂಡಷ್ಟು ಸಂಕಟವಾಗಿತ್ತು. ಅತ್ತೆ ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟರು.

ಸಂಜೆ ನನ್ನ ಹತ್ತಿರ ಬಂದು ಕೂತರು. “ಜಾರೋ ಮಣ್ಣಾ ಅದು? ಕೂರ್ಸಿದೀವಲ್ಲಮ್ಮ ಅವ್ನ. ಮಳೆ ನೀರು ಇಳುದ್ರೆ ಜಾರ್ಬುಡ್ತಾನಾ?”

ಮಧ್ಯಾಹ್ನದಿಂದ ಅವರು ಇದನ್ನೇ ಯೋಚಿಸುತ್ತಿದ್ದರೆಂದು ಗೊತ್ತಾದಾಗ ನನ್ನ ಕೋಪ ಎಲ್ಲಿ ಹೋಯಿತೋ.

“ಇಲ್ಲ ಅತ್ತೆ. ಗಟ್ಟಿಯಾಗಿ ಕೂತಿರ್ತಾರೆ.”

ಅವರು ನನ್ನ ಕೈ ಹಿಡಿದುಕೊಂಡರು. “ನೀನು ಹೇಳುದ್ರೆ ಸರಿ ಕಣಮ್ಮ. ಅವ್ನ ಜೊತೆ ಅಳೀತಿದ್ದೋಳು ನೀನು.”