ಒರೆಸಿಟ್ಟ ಬಟ್ಟಲು

ಜರ್ಮನಿಯ ನ್ಯೂರೆಂಬರ್ಗ್‌ನ ನಮ್ಮ ಮನೆಗೆ ಹೀಟಿಂಗ್ ರಿಪೇರಿಗೆ ಬರುತ್ತಿದ್ದ ಮೆಕ್ಯಾನಿಕ್ ಬಾಗಿಲಲ್ಲೇ ಕೂತು ಬೂಟು ಬಿಚ್ಚುತ್ತಿದ್ದರು. ನಾವು ಚಪ್ಪಲಿ ಹಾಕಿಕೊಂಡು ಒಳಗೆ ಓಡಾಡುವುದಿಲ್ಲ ಎಂಬುದನ್ನು ಮೊದಲ ಸಲವೇ ಗಮನಿಸಿದ್ದರು. ಆಮೇಲೆ, ಹೊರಗೆ ಹಿಮ ಸುರಿಯುತ್ತಿದ್ದರೂ, "ಮೊದಲು ಕಿಟಕಿ" ಎನ್ನುತ್ತ ಅದನ್ನು ತೆರೆಯುತ್ತಿದ್ದರು. ನನಗೆ ಒಳಗೊಳಗೇ ನಗು.

ಕಳೆದ ಚಳಿಗಾಲ ಮನೆ ಬೆಚ್ಚಗಿಡುವ, ಅಡುಗೆಮನೆಯ ಗ್ಯಾಸ್ ಬಾಯ್ಲರಿನಡಿ ನೀರು ಸೋರತೊಡಗಿತು. ಫೋನ್ ಮಾಡಿದರೆ, ಮಧ್ಯಾಹ್ನ ಬರುತ್ತೇನೆ ಎಂದರು. ಅಷ್ಟು ಹೊತ್ತು ಸುಮ್ಮನಿರಲಾರದೆ ನಾನೇ ಕೆಳಗಿನ ಪ್ಲಾಸ್ಟಿಕ್ ಬಟ್ಟಲನ್ನು ಬಿಚ್ಚಿದೆ. ಒಳಗೆಲ್ಲ ಕೆಸರು ಕಟ್ಟಿತ್ತು. ಇದ್ದ ನೀರು ಚೆಲ್ಲಿ ತೊಳೆದೆ. ಒದ್ದೆ ಪಾತ್ರೆ ಎತ್ತಿಡಬಾರದೆಂದು ಅಮ್ಮ ಕಲಿಸಿದ್ದಳಲ್ಲ, ಒಣಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಕೂರಿಸಿ, ಬಾಯ್ಲರ್ ಹಚ್ಚಿದೆ. ಸೋರುವುದು ನಿಂತಿತು. ಸ್ವಲ್ಪ ಹೊತ್ತಿಗೆ ಮಗಳು ತಲೆನೋವೆಂದು ಪಕ್ಕದ ಕೋಣೆಯಲ್ಲಿ ಮಲಗಿದಳು.

ಅವರು ಬಂದು ಲೇಸು ಬಿಚ್ಚಲು ಬಗ್ಗಿದ್ದೇ ತಡ, ಸೊಂಟದಲ್ಲಿದ್ದ ಗ್ಯಾಸ್ ಪತ್ತೆಯಂತ್ರ ಕಿರುಚಿತು.

"ಬಟ್ಟಲು ಬಿಚ್ಚಿದಿರಾ? ಮತ್ತೆ ನೀರು ತುಂಬಿಸಿದಿರಾ?"

"ಇಲ್ಲ, ಒರೆಸಿಟ್ಟೆ."

"ಬಾಯ್ಲರಿನ ವಿಷಗಾಳಿ ಮನೆಯೊಳಗೆ ಬಾರದಂತೆ ತಡೆಯುವುದೇ ಆ ನೀರು! ಮನೆಯಲ್ಲಿ ಯಾರಿದ್ದಾರೆ?"

"ಮಗಳು..."

ಅಂದು ಅವರು ಕಿಟಕಿಯ ಮಾತೆತ್ತಲಿಲ್ಲ. ಬೂಟುಗಾಲಲ್ಲೇ ಒಳಗೆ ನುಗ್ಗಿದರು. ನನಗೆ ಯಾವ ವಾಸನೆಯೂ ಬರುತ್ತಿರಲಿಲ್ಲ. ಮಗಳನ್ನು ಹೆಗಲಿಗೆ ಹಾಕಿಕೊಂಡು ಹೊರಬಂದರು. ಹಿಮದ ಗಾಳಿ ತಾಗಿ ಅವಳು "ಪಾಪಾ, ಕಾಲ್ಟ್, ಚಳಿ" ಎಂದು ಗೊಣಗಿದ ಮೇಲೇ ನನಗೆ ಉಸಿರು ಬಂದದ್ದು.

ಸಂಜೆ ಆಸ್ಪತ್ರೆಯಿಂದ ಮರಳಿದಾಗ, ಬಾಗಿಲಿಂದ ಅವಳ ಮಂಚದವರೆಗೆ ಬೂಟಿನ ಕೆಸರು ಗುರುತುಗಳು ಒಣಗಿದ್ದವು. ಎಷ್ಟೋ ದಿನ ಅವನ್ನು ಒರೆಸಲು ನನಗೆ ಕೈ ಬರಲಿಲ್ಲ.